ಒಂದೇ ಬಿಸಿಲು, ಒಂದೇ ತೋಟ: ಕೆಲವು ಕಾಫಿ ಗಿಡ ಮಾತ್ರ ಯಾಕೆ ಹಳದಿ?

ಕಳಸದ_ತೋಟ · ಮಾರ್ಚ್ 28

ಎಲ್ಲರಿಗೂ ನಮಸ್ಕಾರ. ಕಳಸದ ಹತ್ತಿರ ನಮ್ಮದೊಂದು ಸಣ್ಣ ಅರೇಬಿಕಾ ತೋಟ ಇದೆ. ಅಪ್ಪನಿಗೆ ಓಡಾಡೋಕೆ ಕಷ್ಟ ಆದ ಮೇಲೆ ನಾಲ್ಕು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ.

ಈ ಸಲ ಕೊಯ್ಲು ಮುಗಿದ ಕೂಡಲೇ ಮೇಲಿನ ಬ್ಲಾಕಿನ ಸಿಲ್ವರ್ ಓಕ್ ಮರಗಳನ್ನು ಮಾರಿದೆವು. ಮನೆಗೆ ದುಡ್ಡು ಬೇಕಿತ್ತು. ಅಲ್ಲೇ ಇದ್ದ ಒಂದು ಹಳೇ ಹಾಲುವಾಣದ ಮರ ಒಳಗೆ ಟೊಳ್ಳಾಗಿತ್ತು, ಅದನ್ನೂ ಕಡಿಸಿದೆವು. ಈಗ ಆ ಜಾಗ ಪೂರ್ತಿ ಬಯಲು.

ಒಂದು ತಿಂಗಳಲ್ಲಿ ಗಿಡಗಳು ಹಳದಿಗೆ ತಿರುಗಿವೆ. ಪಶ್ಚಿಮದ ಕಡೆ ಎಲೆಗಳಲ್ಲಿ ಬೆಳ್ಳಗಿನ ಮಚ್ಚೆ, ಅಂಚು ಒಣಗಿದೆ. ಕೇಳಿದವರೆಲ್ಲ "ಬಿಸಿಲು ಜಾಸ್ತಿ ಆಯ್ತು, ಅಷ್ಟೆ" ಅನ್ನುತ್ತಾರೆ. ಆದರೆ ನನಗೆ ಅರ್ಥ ಆಗದೇ ಇರುವುದು ಬೇರೆ. ಆ ಹಾಲುವಾಣದ ಬುಡದ ಸುತ್ತ ಇಪ್ಪತ್ತು ಇಪ್ಪತ್ತೈದು ಗಿಡ ಇವೆ. ಅವಕ್ಕೂ ಅದೇ ಬಿಸಿಲು, ಅದೇ ಸಾಲು, ಅದೇ ವಯಸ್ಸು. ಅವು ಮಾತ್ರ ಹಸಿರಾಗಿಯೇ ನಿಂತಿವೆ. ಬರೀ ಬಿಸಿಲಿನ ತೊಂದರೆ ಆಗಿದ್ದರೆ ಅವೂ ಹಳದಿ ಆಗಬೇಕಿತ್ತು ಅಲ್ವಾ?

ಹಳೇ_ಪ್ಲಾಂಟರ್_ಕೊಪ್ಪ

ಕೊಯ್ಲು ಮುಗಿಸಿ ನೇರ ಬೇಸಿಗೆಗೆ ನೆರಳು ತೆಗೆದಿದ್ದು ತಪ್ಪಾಯಿತು ಮಾರಾಯ. ಮರಕಸಿ, ಅಂದರೆ ನೆರಳಿನ ಮರದ ಕೊಂಬೆ ಸವರುವುದಾದರೂ ಮಳೆಗಾಲ ಎದುರಿಗೆ ಇಟ್ಟುಕೊಂಡು ಮಾಡಬೇಕು. ಗಿಡಕ್ಕೆ ಹೊಸ ಎಲೆ ಬರುವಷ್ಟು ಸಮಯ ಸಿಗುತ್ತದೆ. ಮೊದಲು ಒಂದು ಮಾತು. ಬಯಲಾದ ಅರೇಬಿಕಾಕ್ಕೆ ಬಿಳಿ ಕಾಂಡಕೊರಕ ಹುಳು ಬೇಗ ಬರುತ್ತದೆ. ಕಾಂಡ ನೋಡುತ್ತಾ ಇರು.

ಹಾಲುವಾಣದ ಬುಡದ ವಿಷಯ ಮಾತ್ರ ನೀನು ಸರಿಯಾಗಿ ಗಮನಿಸಿದ್ದೀಯ. ನಾನೂ ನಮ್ಮಲ್ಲಿ ನೋಡಿದ್ದೇನೆ. ಅಲ್ಲಿಯ ಮಣ್ಣೇ ಬೇರೆ. ಯಾಕೆ ಅಂತ ಓದಿದವರು ಹೇಳಲಿ.

ಮಣ್ಣಿನ_ಮಾತು

ಕಳಸದವರೇ, ಮೂರು ಪ್ರಶ್ನೆ. ಹಳದಿ ಮೊದಲು ಬಂದಿದ್ದು ಹಳೇ ಎಲೆಗೋ, ಚಿಗುರಿಗೋ? ನರ ಹಸಿರಾಗಿ ಉಳಿದು ಮಧ್ಯದ ಭಾಗ ಹಳದಿ ಆಗಿದೆಯಾ? ಕೊನೆಯ ಸಲ ಸುಣ್ಣ ಹಾಕಿದ್ದು ಯಾವಾಗ?

ಕಳಸದ_ತೋಟ

ಮೇಡಂ, ಹಳೇ ಎಲೆಗೆ ಮೊದಲು. ನರ ಹಸಿರು, ಮಧ್ಯ ಹಳದಿ, ನೀವು ಹೇಳಿದ ಹಾಗೇ ಇದೆ. ಸುಣ್ಣ ಹಾಕಿ ಐದು ವರ್ಷದ ಮೇಲಾಯಿತು. ಕಾಯಿ ತೂಕ ಬರಲಿ ಅಂತ ಮೂರು ವರ್ಷದಿಂದ ಪೊಟ್ಯಾಷ್ ಸ್ವಲ್ಪ ಜಾಸ್ತಿನೇ ಹಾಕಿದ್ದೇವೆ. ಹೋದ ವರ್ಷದ ಮಣ್ಣು ಪರೀಕ್ಷೆಯಲ್ಲಿ ಪಿಎಚ್ 4.8 ಬಂದಿತ್ತು, ಅಂದರೆ ಹುಳಿ ಮಣ್ಣು. ಹಾಲುವಾಣದ ಬುಡದ ಮಣ್ಣು ಪರೀಕ್ಷೆ ಮಾಡಿಸಿಲ್ಲ. ಅಪ್ಪ ಪ್ರತಿ ವರ್ಷ ಮರಕಸಿ ಮಾಡಿದ ಸೊಪ್ಪನ್ನೆಲ್ಲ ಅಲ್ಲೇ ರಾಶಿ ಹಾಕಿಸುತ್ತಿದ್ದರು. ಅಲ್ಲಿ ಅಗೆತ ಮಾಡಿದ್ದೂ ಕಡಿಮೆ.

ಮಣ್ಣಿನ_ಮಾತು

ಹಾಗಿದ್ದರೆ ನನ್ನ ಅನುಮಾನ ಮೆಗ್ನೀಸಿಯಂ ಮೇಲೆ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕಂದರೆ ಇದು ತುಂಬಾ ಜನ ತಪ್ಪು ತಿಳಿದಿರುವ ವಿಷಯ.

ಬಿಸಿಲು ಗಿಡದ ಊಟ ಅಂತ ನಾವು ಹೇಳುತ್ತೇವೆ. ಅದು ಊಟ ಅಲ್ಲ, ಒಲೆಯ ಬೆಂಕಿ. ಪಾತ್ರೆಯಲ್ಲಿ ಅಕ್ಕಿ, ನೀರು ಇದ್ದರೆ ಬೆಂಕಿಯಿಂದ ಅನ್ನ ಆಗುತ್ತದೆ. ಪಾತ್ರೆ ಖಾಲಿ ಇದ್ದರೆ ಅದೇ ಬೆಂಕಿ ತಳ ಸೀಯಿಸುತ್ತದೆ. ಅಕ್ಕಿ ನೀರು ಬರಬೇಕಾದ್ದು ಬೇರಿನಿಂದ, ಅಂದರೆ ಮಣ್ಣಿನಿಂದ. ಹಾಗಾಗಿ ಒಂದು ಗಿಡ ಎಷ್ಟು ಬಿಸಿಲು ತಡೆಯುತ್ತದೆ ಅನ್ನುವುದು ದೊಡ್ಡ ಮಟ್ಟಿಗೆ ಬೇರಿನ ಹತ್ತಿರ ತೀರ್ಮಾನ ಆಗುತ್ತದೆ.

ಈಗ ಮೆಗ್ನೀಸಿಯಂ. ಒಂದೊಂದು ಕ್ಲೋರೋಫಿಲ್ ಅಣುವಿನ ನಟ್ಟನಡುವೆ ಒಂದು ಮೆಗ್ನೀಸಿಯಂ ಇದೆ, ಇದು ಶಾಲೆಯಲ್ಲೇ ಓದಿರುತ್ತೇವೆ. ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದಿದೆ. ಎಲೆಯಲ್ಲಿ ತಯಾರಾದ ಸಕ್ಕರೆ ಬೇರಿಗೆ, ಕಾಯಿಗೆ ಇಳಿಯಬೇಕಾದರೆ ಮೆಗ್ನೀಸಿಯಂ ಬೇಕು. ಅದು ಕಮ್ಮಿ ಆದರೆ ಸಕ್ಕರೆ ಎಲೆಯಲ್ಲೇ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡಾಗ ಎಲೆ ಹೊಸ ಸಕ್ಕರೆ ಮಾಡುವುದನ್ನು ನಿಧಾನ ಮಾಡುತ್ತದೆ. ಬೆಳಕು ಮಾತ್ರ ಬೀಳುತ್ತಲೇ ಇರುತ್ತದೆ. ಆ ಶಕ್ತಿ ಹೋಗೋಕೆ ದಾರಿ ಇಲ್ಲದೆ ಆಮ್ಲಜನಕದ ಮೇಲೆ ಬೀಳುತ್ತದೆ, ಅದರಿಂದ ಹುಟ್ಟುವ ಚುರುಕು ಕಣಗಳು ಕ್ಲೋರೋಫಿಲ್ ಅನ್ನೇ ಸುಡುತ್ತವೆ. ನೀವು ನೋಡುತ್ತಿರುವ ಬಿಳಿ ಮಚ್ಚೆ ಅದೇ ಇರಬಹುದು.

ಅರೇಬಿಕಾ ಮೂಲದಲ್ಲಿ ಇಥಿಯೋಪಿಯಾದ ಕಾಡಿನ ನೆರಳಿನ ಗಿಡ. ಮಧ್ಯಾಹ್ನದ ಪೂರ್ತಿ ಬಿಸಿಲಿನ ಸುಮಾರು ಮೂರನೇ ಒಂದು ಭಾಗ ಬಂದರೆ ಅದರ ಎಲೆಗೆ ಸಾಕು. ಉಳಿದದ್ದನ್ನು ಹೇಗಾದರೂ ಕಳೆದುಕೊಳ್ಳಬೇಕು. ಹೊಟ್ಟೆ ತುಂಬಿದ ಗಿಡ ಕಳೆದುಕೊಳ್ಳುತ್ತದೆ. ಹಸಿದ ಗಿಡದ ಕೈಲಿ ಆಗುವುದಿಲ್ಲ.

ನಮ್ಮ ಮಲೆನಾಡಿನ ಮಳೆ ಮೆಗ್ನೀಸಿಯಂ ಅನ್ನು ತೊಳೆದುಕೊಂಡು ಹೋಗುತ್ತದೆ. ಮಣ್ಣು ಹುಳಿ ಆದಷ್ಟೂ ಇನ್ನೂ ಜಾಸ್ತಿ. ಅದರ ಮೇಲೆ ಪೊಟ್ಯಾಷ್ ಅತಿ ಆದರೆ ಬೇರು ಮೆಗ್ನೀಸಿಯಂ ಎಳೆದುಕೊಳ್ಳುವುದು ಇನ್ನೂ ಕಮ್ಮಿ ಆಗುತ್ತದೆ. ನಿಮ್ಮಲ್ಲಿ ಈ ಮೂರೂ ಸೇರಿವೆ. ನೆರಳು ಇದ್ದಷ್ಟು ದಿನ ಕೊರತೆ ಮುಚ್ಚಿಹೋಗಿತ್ತು. ಮರ ಹೋಯಿತು, ಅದು ಎಲೆ ಮೇಲೆ ಬಂತು.

ಸುಮ್ನೆ ನನ್ನ ಮಾತು ನಂಬಬೇಡಿ. ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಹಳದಿ ಶುರುವಾಗುತ್ತಿರುವ ಗಿಡದಲ್ಲಿ ಇನ್ನೂ ಹಸಿರಾಗಿರುವ ಹಳೇ ಎಲೆ ಆರಿಸಿ. ಅರ್ಧ ಎಲೆಗೆ ಬಿಳಿ ಕಾಗದ ಮಡಚಿ ಕ್ಲಿಪ್ ಹಾಕಿ. ಹಾಲುವಾಣದ ಬುಡದ ಗಿಡಕ್ಕೂ ಹಾಗೇ ಮಾಡಿ. ಮೂರು ವಾರ ಬಿಟ್ಟು ತೆಗೆದು ನೋಡಿ. ಟರ್ಕಿಯ ಇಸ್ಮಾಯಿಲ್ ಚಾಕ್‌ಮಕ್ ಮತ್ತು ಜರ್ಮನಿಯ ಹೋರ್ಸ್ಟ್ ಮಾರ್ಷ್ನರ್ 1989ರಲ್ಲಿ ಬೀನ್ಸ್ ಗಿಡದ ಮೇಲೆ ಪ್ರಕಟಿಸಿದ ಕೆಲಸದಲ್ಲಿ ಸತು, ಪೊಟ್ಯಾಸಿಯಂ, ಮೆಗ್ನೀಸಿಯಂ ಕೊರತೆ ಇದ್ದ ಎಲೆಗಳು ಜಾಸ್ತಿ ಬೆಳಕಿನಲ್ಲಿ ಬೇಗ ಹಳದಿಯಾಗಿ ಸುಟ್ಟವು. ನೆರಳು ಸಿಕ್ಕ ಭಾಗ ಹಸಿರಾಗಿಯೇ ಉಳಿಯಿತು.

ಕಳಸದ_ತೋಟ

ಇವತ್ತೇ ಹಾಕುತ್ತೇನೆ ಮೇಡಂ. ತುಂಬಾ ಉಪಕಾರ.

ತಾರಸಿ_ತರಕಾರಿ

ನಾನು ಬೆಂಗಳೂರಿನ ತಾರಸಿ ತೋಟದವಳು, ಮಧ್ಯೆ ಬರಬಹುದಾ? ನನ್ನದೂ ಇದೇ ಥರದ ಗೊಂದಲ. ಬಿಸಿಲಿಗೆ ಹೆದರಿ ಅರ್ಧ ತಾರಸಿಗೆ ಹಸಿರು ನೆಟ್ ಕಟ್ಟಿಸಿದೆ. ನೆಟ್ ಕೆಳಗಿನ ಅಲಸಂದೆ ಉದ್ದಕ್ಕೆ ಬೆಳೆಯಿತು, ಕಾಯಿ ಇಲ್ಲ. ಕಿತ್ತು ನೋಡಿದರೆ ಬೇರಲ್ಲಿ ಗಂಟುಗಳೇ ಇಲ್ಲ ಅನ್ನಬೇಕು. ಬಿಸಿಲಲ್ಲಿದ್ದ ಅಲಸಂದೆಗೆ ಗಂಟು ಚೆನ್ನಾಗಿದ್ದವು. ಎರಡಕ್ಕೂ ಒಂದೇ ಮಣ್ಣು, ಒಂದೇ ರೈಜೋಬಿಯಂ (ಗಂಟು ಕಟ್ಟಿಸುವ ಬ್ಯಾಕ್ಟೀರಿಯಾ) ಪುಡಿ. ಇನ್ನೊಂದು, ಎಲೆಕೋಸಿಗೆ ಮತ್ತು ಮೂಲಂಗಿಗೆ ವ್ಯಾಮ್ ಪುಡಿ (ಬೇರಿನ ಜೊತೆ ಬಾಳುವ ಮೈಕೋರೈಜಾ ಶಿಲೀಂಧ್ರ) ಹಾಕಿದ್ದೆ, ಏನೂ ವ್ಯತ್ಯಾಸ ಕಾಣಲಿಲ್ಲ. ಪುಡಿ ಸರಿ ಇರಲಿಲ್ವಾ?

ಬೆಳಕು_ಬೇರು

ಅಕ್ಕ, ನಾನು ಜರ್ಮನಿಯಲ್ಲಿ ಸಸ್ಯ ವಿಜ್ಞಾನ ಓದುತ್ತಿದ್ದೇನೆ, ಊರು ದಾವಣಗೆರೆ. ನಿಮ್ಮ ಎರಡನೇ ಪ್ರಶ್ನೆಗೆ ಮೊದಲು ಉತ್ತರ. ಕೋಸು, ಮೂಲಂಗಿ, ಸಾಸಿವೆ ಜಾತಿಯ ಗಿಡಗಳು ಮೈಕೋರೈಜಾ ಜೊತೆ ಸಂಬಂಧ ಬೆಳೆಸುವುದೇ ಇಲ್ಲ. ಪುಡಿ ಚೆನ್ನಾಗಿದ್ದರೂ ಅಲ್ಲಿ ಕೆಲಸ ಮಾಡುತ್ತಿರಲಿಲ್ಲ. ಬದನೆ, ಟೊಮೆಟೊ, ಮೆಣಸಿನಕಾಯಿ, ಬೆಂಡೆ, ಅಲಸಂದೆಗೆ ಹಾಕಿ. ಬೇರಿಗೆ ತಾಗುವ ಹಾಗೆ ಹಾಕಬೇಕು, ಮೇಲೆ ಚೆಲ್ಲಿದರೆ ಆಗುವುದಿಲ್ಲ.

ಗಂಟಿನ ವಿಷಯ ನನಗೆ ತುಂಬಾ ಇಷ್ಟದ್ದು. ಗಂಟಿನೊಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಕೊಡುತ್ತದೆ, ಬದಲಿಗೆ ಸಕ್ಕರೆ ತೆಗೆದುಕೊಳ್ಳುತ್ತದೆ. 1 ಗ್ರಾಂ ಸಾರಜನಕಕ್ಕೆ ಗಿಡ ಸುಮಾರು 6 ಗ್ರಾಂ ಇಂಗಾಲ ಖರ್ಚು ಮಾಡಬೇಕು. ನೆರಳಲ್ಲಿ ಆ ದುಡಿಮೆ ಇಲ್ಲ, ಹಾಗಾಗಿ ಗಿಡ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ.

ಇದು ಬರೀ ಸಕ್ಕರೆ ಲೆಕ್ಕ ಅಂತ ಮುಂಚೆ ಅಂದುಕೊಂಡಿದ್ದರು. ಅಷ್ಟೇ ಅಲ್ಲ. ಎಲೆ ಬೆಳಕನ್ನು ನೋಡಿ ಬೇರಿಗೆ ಸುದ್ದಿ ಕಳಿಸುತ್ತದೆ. 2016ರಲ್ಲಿ ಅರಬಿಡಾಪ್ಸಿಸ್ ಅನ್ನುವ ಪುಟ್ಟ ಸಾಸಿವೆ ಜಾತಿಯ ಗಿಡದಲ್ಲಿ ಒಂದು ವಿಷಯ ಗೊತ್ತಾಯಿತು. ಎಚ್‌ವೈ5 ಅನ್ನುವ ಪ್ರೋಟೀನು ಬೆಳಕಿನಲ್ಲಿ ಚಿಗುರಿನ ಭಾಗದಿಂದ ಬೇರಿಗೆ ಇಳಿದು ಹೋಗಿ, ನೈಟ್ರೇಟ್ ಎಳೆದುಕೊಳ್ಳುವ ಕೆಲಸ ಚುರುಕು ಮಾಡುತ್ತದೆ. 2021ರಲ್ಲಿ ಚೀನಾದವರು ಸೋಯಾ ಅವರೆಯಲ್ಲಿ ಇದಕ್ಕೆ ಹತ್ತಿರದ ಪ್ರೋಟೀನುಗಳನ್ನು ತೋರಿಸಿದರು. ಅವು ಬೆಳಕು ಬಿದ್ದ ಎಲೆಯಿಂದ ಬೇರಿಗೆ ಇಳಿದ ಮೇಲೆಯೇ ಬೇರು ರೈಜೋಬಿಯಂಗೆ ಬಾಗಿಲು ತೆಗೆಯುತ್ತದೆ. ಕತ್ತಲಲ್ಲಿರುವ ಬೇರಿಗೆ ಮೇಲೆ ಬಿಸಿಲಿದೆ ಅಂತ ಗೊತ್ತಾಗುವುದು ಹೀಗೆ. ನಾನು ಇದನ್ನು ಮೊದಲ ಸಲ ಓದಿದ ದಿನ ರಾತ್ರಿ ನಿದ್ದೆ ಬರಲಿಲ್ಲ.

ಮರದ ನೆರಳಿಗೂ ನೆಟ್ಟಿನ ನೆರಳಿಗೂ ಒಂದು ವ್ಯತ್ಯಾಸ ಇದೆ. ನೆಟ್ ಮುಖ್ಯವಾಗಿ ಬೆಳಕಿನ ಪ್ರಮಾಣ ಕಡಿಮೆ ಮಾಡುತ್ತದೆ. ಮರದ ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ಕೆಂಪಿನಾಚೆಯ ಫಾರ್‌ರೆಡ್ ಬೆಳಕನ್ನು ಕೆಳಗೆ ಬಿಡುತ್ತದೆ. ಗಿಡದಲ್ಲಿರುವ ಫೈಟೋಕ್ರೋಮ್ ಅನ್ನುವ ಪ್ರೋಟೀನು ಈ ಎರಡರ ಪ್ರಮಾಣ ಅಳೆದು "ಪಕ್ಕದಲ್ಲಿ, ಮೇಲೆ ಬೇರೆ ಗಿಡ ಇದೆ" ಅಂತ ತಿಳಿಯುತ್ತದೆ. 2011ರಲ್ಲಿ ಜಪಾನಿನವರು ಲೋಟಸ್ ಜಪಾನಿಕಸ್ ಅನ್ನುವ ದ್ವಿದಳ ಗಿಡದಲ್ಲಿ ತೋರಿಸಿದ್ದಾರೆ, ಕೆಂಪು ಕಮ್ಮಿ ಆಗಿ ಫಾರ್‌ರೆಡ್ ಜಾಸ್ತಿ ಆದರೆ ಗಂಟು ಕಮ್ಮಿ ಆಗುತ್ತವೆ.

ನಿಮ್ಮ ಬಿಸಿಲಿನ ಅಲಸಂದೆಯ ಒಂದು ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಗುಲಾಬಿ ಬಣ್ಣ ಇದ್ದರೆ ಕೆಲಸ ನಡೆಯುತ್ತಿದೆ. ಹಸಿರು ಅಥವಾ ಬೂದು ಇದ್ದರೆ ನಿಂತಿದೆ.

ಬಯಲುಸೀಮೆ_ರೈತ

ಚಿತ್ರದುರ್ಗ ಜಿಲ್ಲೆಯವನು. ನಮ್ಮಲ್ಲಿ ಮಾವಿನ ಮರದ ಅಡಿ ಶೇಂಗಾ ಹಾಕಿದರೆ ಗಿಡ ಸೊರಗುತ್ತದೆ, ಗಂಟೂ ಸಣ್ಣವು. ಮರ ನೀರು ಕುಡಿಯುತ್ತದೆ ಅಂತ ಮಾತ್ರ ತಿಳಿದಿದ್ದೆ. ಈಗ ಇನ್ನೊಂದು ಕಾರಣ ಸಿಕ್ಕಿತು.

ಆದರೆ ನನ್ನದೊಂದು ಪ್ರಶ್ನೆ. ಎರಡು ವರ್ಷ ವ್ಯಾಮ್ ಅಂತ ಕೊಟ್ಟಿದ್ದನ್ನು ಹಾಕಿದೆ, ಜೊತೆಗೆ ಡಿಎಪಿ ರಸಗೊಬ್ಬರಾನೂ ಹಾಕಿದೆ. ಪ್ರಯೋಜನ ಕಾಣಲಿಲ್ಲ. ನೆರಳಲ್ಲೂ ಕೆಲಸ ಮಾಡಲ್ಲ, ಗೊಬ್ಬರ ಹಾಕಿದರೂ ಕೆಲಸ ಮಾಡಲ್ಲ ಅಂದರೆ ಈ ಸೂಕ್ಷ್ಮಜೀವಿಗಳಿಗೆ ಯಾಕೆ ದುಡ್ಡು ಹಾಕಬೇಕು? ಸಿಟ್ಟಿನಿಂದ ಕೇಳುತ್ತಿಲ್ಲ, ತಿಳಿಯಬೇಕು ಅಂತಲೇ ಕೇಳುತ್ತಿದ್ದೇನೆ.

ಮಣ್ಣಿನ_ಮಾತು

ಅಣ್ಣ, ಕೇಳಬೇಕಾದ ಪ್ರಶ್ನೆಯೇ. ಮೈಕೋರೈಜಾ ಗಿಡಕ್ಕೆ ಮುಖ್ಯವಾಗಿ ತಂದುಕೊಡುವುದು ರಂಜಕ, ಜೊತೆಗೆ ಸತು, ತಾಮ್ರ. ಬೇರು ತಲುಪದ ಸಂದಿಗೂ ಅದರ ಎಳೆ ಹೋಗುತ್ತದೆ. ಕೂಲಿ ಅಂತ ಗಿಡ ತಾನು ತಯಾರಿಸಿದ ಇಂಗಾಲದಲ್ಲಿ ನೂರಕ್ಕೆ 4ರಿಂದ 20 ಭಾಗ ಕೊಡುತ್ತದೆ. ಡಿಎಪಿ ಹಾಕಿ ರಂಜಕ ಕೈಗೇ ಕೊಟ್ಟರೆ ಗಿಡ ಆ ಕೂಲಿ ಕೊಡುವುದಿಲ್ಲ. ಬೇರಿನಿಂದ ಶಿಲೀಂಧ್ರವನ್ನು ಕರೆಯುವ ಸ್ಟ್ರೈಗೋಲ್ಯಾಕ್ಟೋನ್ ಅನ್ನುವ ವಸ್ತು ಇದೆ, ರಂಜಕ ಸಾಕಷ್ಟು ಇದ್ದಾಗ ಗಿಡ ಅದನ್ನು ಹೊರಗೆ ಬಿಡುವುದೇ ಕಡಿಮೆ ಮಾಡುತ್ತದೆ. ನೀವು ಎರಡನ್ನೂ ಒಟ್ಟಿಗೆ ಹಾಕಿದ್ದೇ ತೊಂದರೆ ಆಗಿರಬಹುದು.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ. ಜೆ. ಬಾಗ್ಯರಾಜ್ ಅವರು ಈ ಶಿಲೀಂಧ್ರಗಳ ಮೇಲೆ ದಶಕಗಟ್ಟಲೆ ಕೆಲಸ ಮಾಡಿದ್ದಾರೆ. ನಾನು ಕಲಿತದ್ದು ಇಷ್ಟು: ನರ್ಸರಿ ಹಂತದಲ್ಲಿ, ಸಸಿಯ ಬೇರಿಗೆ ತಾಗುವಂತೆ ಕೊಡುವುದು ಒಳ್ಳೆಯದು. ಬೆಳೆದು ನಿಂತ ತೋಟದಲ್ಲಿ ಹೊರಗಿನಿಂದ ಪುಡಿ ತರುವುದಕ್ಕಿಂತ, ಇರುವುದನ್ನು ಅಗೆದು ಕೊಲ್ಲದೆ ಉಳಿಸಿಕೊಳ್ಳುವುದು ಮೇಲು. ಇದು ನನ್ನ ಅಭಿಪ್ರಾಯ, ಬೇರೆಯವರು ಒಪ್ಪದಿರಬಹುದು.

ಬೆಳಕು_ಬೇರು

ಅಣ್ಣನ ಪ್ರಶ್ನೆಯ ಇನ್ನರ್ಧಕ್ಕೆ ನಾನು ಬರುತ್ತೇನೆ. ನೆರಳಲ್ಲಿ ಸೂಕ್ಷ್ಮಜೀವಿಗಳು ಉಪಯೋಗಕ್ಕೇ ಬರುವುದಿಲ್ಲ ಅಂತ ಅಲ್ಲ. ಇದಕ್ಕೆ ಉಲ್ಟಾ ತೋರಿಸಿದ ಒಂದು ಪ್ರಯೋಗ ಇದೆ. ಕಲೋನ್ ನಗರದ ಮ್ಯಾಕ್ಸ್ ಪ್ಲ್ಯಾಂಕ್ ಸಸ್ಯ ಸಂಶೋಧನಾ ಸಂಸ್ಥೆಯಲ್ಲಿ ಮಾಡಿದ್ದು, 2021ರಲ್ಲಿ ಪ್ರಕಟ ಆಯಿತು.

ಅವರು ಅರಬಿಡಾಪ್ಸಿಸ್ ಗಿಡವನ್ನು ಒಂದೂ ಸೂಕ್ಷ್ಮಜೀವಿ ಇಲ್ಲದ ಮಣ್ಣಿನಲ್ಲಿ ಬೆಳೆಸಿದರು. ಇನ್ನೊಂದು ಗುಂಪಿಗೆ ಬೇರಿನಿಂದ ಬೇರ್ಪಡಿಸಿ ಸಾಕಿದ್ದ ಬ್ಯಾಕ್ಟೀರಿಯಾ, ಶಿಲೀಂಧ್ರಗಳನ್ನು ಸೇರಿಸಿದರು. ಎರಡೂ ಗುಂಪಿನಲ್ಲಿ ಕೆಲವಕ್ಕೆ ಸಾಮಾನ್ಯ ಬೆಳಕು, ಕೆಲವಕ್ಕೆ ಕಡಿಮೆ ಬೆಳಕು. ಸೂಕ್ಷ್ಮಜೀವಿ ಇಲ್ಲದ ಗಿಡಗಳು ಕಡಿಮೆ ಬೆಳಕಲ್ಲಿ ಸಣ್ಣವಾಗಿಯೇ ಉಳಿದವು. ಸೂಕ್ಷ್ಮಜೀವಿ ಇದ್ದವು ಅದೇ ಕಡಿಮೆ ಬೆಳಕಲ್ಲಿ ಆ ಕೊರತೆಯನ್ನು ತುಂಬಿಕೊಂಡು ಬೆಳೆದವು.

ಅದಕ್ಕೆ ಬೆಲೆ ಕೊಟ್ಟಿದ್ದು ರಕ್ಷಣೆಯಲ್ಲಿ. ಸಾಮಾನ್ಯ ಬೆಳಕಿನಲ್ಲಿ ಬೇರಿನ ಸೂಕ್ಷ್ಮಜೀವಿಗಳು ಎಲೆಯ ರೋಗ ತಡೆಯುವ ಶಕ್ತಿಯನ್ನು ಚುರುಕಾಗಿ ಇಡುತ್ತವೆ. ಕಡಿಮೆ ಬೆಳಕಲ್ಲಿ ಗಿಡ ಆ ಕಡೆಯ ಖರ್ಚು ನಿಲ್ಲಿಸಿ ಬೆಳವಣಿಗೆಗೆ ಹಾಕುತ್ತದೆ. ಆಗ ಬೂದು ಬೂಷ್ಟಿನಂಥ ರೋಗಕ್ಕೆ ಎಲೆ ಬೇಗ ಸಿಕ್ಕಿಬೀಳುತ್ತದೆ. ಎಂವೈಸಿ2 ಅನ್ನುವ ಒಂದೇ ಜೀನು ಕೆಡಿಸಿದ ಗಿಡದಲ್ಲಿ ಈ ಲಾಭ ಸಿಗಲಿಲ್ಲ. ಅಂದರೆ ಬೆಳಕಿನ ಸುದ್ದಿ ಕೆಳಗೆ ಹೋಗುತ್ತದೆ, ಸೂಕ್ಷ್ಮಜೀವಿಗಳ ಸುದ್ದಿ ಮೇಲೆ ಬರುತ್ತದೆ, ಎರಡನ್ನೂ ಸೇರಿಸಿ ಗಿಡ ಒಂದು ನಿರ್ಧಾರ ಮಾಡುತ್ತದೆ.

ಹಳೇ_ಪ್ಲಾಂಟರ್_ಕೊಪ್ಪ

ಇದನ್ನು ಎರಡು ಸಲ ಓದಿದೆ. ನಮ್ಮ ತೋಟದಲ್ಲಿ ನೆರಳು ದಟ್ಟ ಇರುವ ಕಡೆ ಗಿಡ ಸೊಂಪಾಗಿ ಕಾಣುತ್ತದೆ, ಆದರೆ ಮಳೆಗಾಲದಲ್ಲಿ ಕೊಳೆ ರೋಗ ಅಲ್ಲೇ ಮೊದಲು. ನೀನು ಹೇಳುವುದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಬೆಳಕು_ಬೇರು

ಅಜ್ಜ, ಕೊಳೆ ರೋಗಕ್ಕೆ ದೊಡ್ಡ ಕಾರಣ ತೇವ. ದಟ್ಟ ನೆರಳಲ್ಲಿ ಎಲೆ ಒಣಗುವುದೇ ಇಲ್ಲ. ನಾನು ಹೇಳಿದ ಪ್ರಯೋಗವನ್ನು ಕಾಫಿಗೆ ಎಳೆದು ತರುವುದು ಸರಿಯಲ್ಲ.

ಮಣ್ಣಿನ_ಮಾತು

ನಾನೂ ಇದನ್ನೇ ಬರೆಯಬೇಕು ಅಂತಿದ್ದೆ. ಅರಬಿಡಾಪ್ಸಿಸ್ ಸಾಸಿವೆ ಜಾತಿ, ಅದಕ್ಕೆ ಮೈಕೋರೈಜಾವೇ ಇಲ್ಲ. ಕಾಫಿಗೆ ಇದೆ. ಕೆಲವು ವಾರ ಡಬ್ಬಿಯಲ್ಲಿ ಬೆಳೆದ ಗಿಡ ಬೇರೆ, ಐವತ್ತು ವರ್ಷ ಬಾಳುವ ಕಾಫಿ ಬೇರೆ. ತುಂಬಾ ಕಡಿಮೆ ಬೆಳಕಲ್ಲಿ ಮೈಕೋರೈಜಾ ಎಳೆಯ ಸಸಿಗೆ ಹೊರೆಯಾಗಿ, ಬೆಳವಣಿಗೆ ಕುಂಠಿತ ಆದ ಉದಾಹರಣೆಗಳೂ ಇವೆ. ಹಾಗಾಗಿ "ಸೂಕ್ಷ್ಮಜೀವಿ ಹಾಕಿ, ನೆರಳಲ್ಲೂ ಬೆಳೆಯಿರಿ" ಅಂತ ಯಾರಾದರೂ ಮಾರಾಟಕ್ಕೆ ಬಂದರೆ ದಯವಿಟ್ಟು ನಂಬಬೇಡಿ.

ಬೆಳಕು_ಬೇರು

ಪೂರ್ತಿ ಒಪ್ಪುತ್ತೇನೆ ಮೇಡಂ. ಒಂದು ಮಾತು ಮಾತ್ರ ಸೇರಿಸುತ್ತೇನೆ. ನೆರಳಲ್ಲಿ ಹುಟ್ಟಿದ ಎಲೆ ತೆಳ್ಳಗೆ, ಅಗಲ ಇರುತ್ತದೆ. ಬಿಸಿಲು ಬಿದ್ದ ಮಾತ್ರಕ್ಕೆ ಅದು ದಪ್ಪ ಎಲೆ ಆಗಿಬಿಡುವುದಿಲ್ಲ. ಗಿಡ ಬಿಸಿಲಿಗೆ ತಕ್ಕ ಹೊಸ ಎಲೆ ಕಟ್ಟಬೇಕು, ಅದಕ್ಕೆ ಸಾರಜನಕ ಬೇಕು. ಎಲೆಯ ಸಾರಜನಕದಲ್ಲಿ ಮುಕ್ಕಾಲು ಪಾಲು ಹಸಿರು ಕಣಗಳಲ್ಲೇ ಇರುತ್ತದೆ. ಹಾಲುವಾಣ ದ್ವಿದಳ ಜಾತಿ, ಅದರ ಬೇರಲ್ಲೂ ಗಂಟುಗಳಿವೆ. ಮರ ಕಡಿದ ಮೇಲೆ ಆ ಬೇರು ಕೊಳೆತು ಸಾರಜನಕ ಬಿಡುತ್ತದೆ. ಕಳಸದ ಅಣ್ಣನ ಆ ಇಪ್ಪತ್ತು ಗಿಡಗಳಿಗೆ ಹೊಸ ಚಿಗುರು ಬಂದಿದೆಯಾ?

ಕಳಸದ_ತೋಟ · ಏಪ್ರಿಲ್ 21

ಬಂದಿದೆ! ಹೊಸ ಎಲೆ ಸಣ್ಣದು, ದಪ್ಪ. ಈಗ ಕಾಗದದ ಕಥೆ ಹೇಳುತ್ತೇನೆ.

ಹಳದಿ ಗಿಡಗಳಲ್ಲಿ ಹನ್ನೆರಡು ಎಲೆಗೆ ಕ್ಲಿಪ್ ಹಾಕಿದ್ದೆ. ಎರಡು ಉದುರಿದವು, ಒಂದರ ಕಾಗದ ಗಾಳಿಗೆ ಹೋಯಿತು. ಉಳಿದ ಒಂಬತ್ತರಲ್ಲಿ ಎಂಟರಲ್ಲಿ ಕಾಗದದ ಅಡಿ ಹಸಿರು, ಪಕ್ಕದ ಅರ್ಧ ಹಳದಿ. ಮಧ್ಯೆ ಗೆರೆ ಎಳೆದ ಹಾಗಿದೆ. ಅಪ್ಪನಿಗೆ ಎಲೆ ತಂದು ತೋರಿಸಿದೆ. ತುಂಬಾ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು. ಹಾಲುವಾಣದ ಬುಡದ ಗಿಡಗಳಲ್ಲಿ ಎರಡೂ ಅರ್ಧ ಒಂದೇ ಥರ ಹಸಿರು.

ಬುಡದಲ್ಲಿ ಕೈಯಿಂದಲೇ ಸ್ವಲ್ಪ ಕೆದಕಿ ನೋಡಿದೆ. ದರಗಿನ ಕೆಳಗೆ ಮಣ್ಣು ಕಪ್ಪು, ತಂಪು, ಮೊದಲ ಮಳೆಯ ವಾಸನೆ. ಕೂದಲಿನಂಥ ಬಿಳಿ ಬೇರು ತುಂಬಾ. ಕೊಳೆತ ಎಲೆಗಳ ಮೇಲೆ ಬಿಳಿ ನೂಲು ಹರಡಿತ್ತು, ಅದೇ ಮೈಕೋರೈಜಾ ಅಲ್ವಾ ಮೇಡಂ? ಹಳದಿ ಗಿಡಗಳ ಬುಡದಲ್ಲಿ ಮಣ್ಣು ಗಟ್ಟಿ, ಹೊಸ ಬೇರು ಕಡಿಮೆ. ಎರಡೂ ಕಡೆಯ ಮಣ್ಣನ್ನು ಬೇರೆ ಬೇರೆ ಚೀಲದಲ್ಲಿ ಪರೀಕ್ಷೆಗೆ ಕೊಟ್ಟೆ. ಬುಡದ ಮಣ್ಣಿನ ಪಿಎಚ್ 5.9, ಮೆಗ್ನೀಸಿಯಂ ಸಾಕಷ್ಟಿದೆ ಅಂತ ಬಂತು. ಇನ್ನೊಂದರಲ್ಲಿ ಕಡಿಮೆ.

ಮಣ್ಣಿನ_ಮಾತು

ಎಷ್ಟು ಚೆನ್ನಾಗಿ ಮಾಡಿದ್ದೀರಿ! ಆ ಬಿಳಿ ನೂಲು ಎಲೆ ಕೊಳೆಸುವ ಶಿಲೀಂಧ್ರ. ಮೈಕೋರೈಜಾ ಬೇರಿನ ಒಳಗೆ ಇರುತ್ತದೆ, ಹೊರಗಿನ ಎಳೆ ಬರಿಗಣ್ಣಿಗೆ ಕಾಣುವುದಿಲ್ಲ, ಬೇರಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಆದರೆ ನೀವು ಕಂಡ ಆ ನೂಲೂ ದೊಡ್ಡ ಕೆಲಸ ಮಾಡುತ್ತಿದೆ. ಸೊಪ್ಪಿನಲ್ಲಿದ್ದ ಮೆಗ್ನೀಸಿಯಂ, ಸಾರಜನಕವನ್ನು ಬಿಡಿಸಿಕೊಡುವುದು ಅದೇ. ಕೊಳೆತ ದರಗು ಮಳೆಗೆ ತೊಳೆದುಹೋಗದ ಹಾಗೆ ಅವನ್ನು ಹಿಡಿದಿಡುತ್ತದೆ.

ಹಳದಿ ಗಿಡಗಳಲ್ಲಿ ಬೇರು ಕಡಿಮೆ ಇರುವುದಕ್ಕೂ ಕಾರಣ ಆ ಮೆಗ್ನೀಸಿಯಂ ಕೊರತೆಯೇ. ಸಕ್ಕರೆ ಎಲೆಯಲ್ಲೇ ನಿಂತಿತು, ಬೇರಿಗೆ ಇಳಿಯಲಿಲ್ಲ. ಬೇರು ಹಸಿಯಿತು, ಅದನ್ನು ನಂಬಿದ ಸೂಕ್ಷ್ಮಜೀವಿಗಳೂ ಹಸಿದವು. ಬೇರು ಕಮ್ಮಿ ಆದಷ್ಟು ಮೆಗ್ನೀಸಿಯಂ ಇನ್ನೂ ಕಮ್ಮಿ ಸಿಕ್ಕಿತು, ಅದೇ ಬಿಸಿಲು ಇನ್ನೂ ಸುಟ್ಟಿತು.

ಈಗ ಸದ್ಯಕ್ಕೆ ಮೆಗ್ನೀಸಿಯಂ ಸಲ್ಫೇಟ್ 100 ಲೀಟರ್ ನೀರಿಗೆ 1 ಕೆಜಿ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ. ಸುಟ್ಟ ಎಲೆ ವಾಪಸ್ ಹಸಿರಾಗುವುದಿಲ್ಲ, ಉಳಿದವು ಉಳಿಯುತ್ತವೆ. ಪರೀಕ್ಷೆ ವರದಿಯಲ್ಲಿ ಹೇಳಿದಷ್ಟು ಡೊಲೊಮೈಟ್ (ಮೆಗ್ನೀಸಿಯಂ ಇರುವ ಸುಣ್ಣ) ಹಾಕಿ. ಯೂರಿಯಾ ಜೊತೆ ಹಾಕಬೇಡಿ, ಕೆಲವು ವಾರ ಅಂತರ ಇರಲಿ. ಪೊಟ್ಯಾಷ್ ವರದಿ ನೋಡಿ ಇಳಿಸಿ. ಬುಡಕ್ಕೆ ದರಗು ಮುಚ್ಚಿ, ಈ ವರ್ಷ ಅಗೆತ ಬೇಡ.

ತಾರಸಿ_ತರಕಾರಿ

ನಾನೂ ಗಂಟು ಸೀಳಿ ನೋಡಿದೆ. ಒಳಗೆ ಗುಲಾಬಿ! ಮಗಳನ್ನೂ ಕರೆದು ತೋರಿಸಿದೆ. ನೆಟ್ಟನ್ನು ಈಗ ಮಧ್ಯಾಹ್ನ ಮಾತ್ರ ಎಳೆಯುತ್ತಿದ್ದೇನೆ. ಹೊಸ ಅಲಸಂದೆಯಲ್ಲಿ ಗಂಟು ಬಂದಿವೆ, ಸಣ್ಣವು.

ಬಯಲುಸೀಮೆ_ರೈತ

ಈ ಸಲ ಎರಡು ಸಾಲಿಗೆ ಡಿಎಪಿ ಬಿಟ್ಟು, ಬೀಜಕ್ಕೆ ರೈಜೋಬಿಯಂ ಹಚ್ಚಿ, ಕೊಟ್ಟಿಗೆ ಗೊಬ್ಬರದಲ್ಲಿ ಬಿತ್ತುತ್ತೇನೆ. ಉಳಿದದ್ದು ಎಂದಿನಂತೆ. ಪಕ್ಕಪಕ್ಕ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಕಿತ್ತಾಗ ಫೋಟೋ ಹಾಕುತ್ತೇನೆ.

ಕಳಸದ_ತೋಟ

ಅಜ್ಜ, ನಿಮಗೊಂದು ಪ್ರಶ್ನೆ. ಮೇಲಿನ ಬ್ಲಾಕಿಗೆ ಮತ್ತೆ ನೆರಳು ಬೇಕು. ಬೇಗ ಬರಲಿ ಅಂತ ಸಿಲ್ವರ್ ಓಕೇ ಹಾಕಲಾ?

ಹಳೇ_ಪ್ಲಾಂಟರ್_ಕೊಪ್ಪ

ಬೇಡ ತಮ್ಮ. ಸಿಲ್ವರ್ ಓಕ್ ಅಂಚಿಗೆ ಇರಲಿ. ಒಳಗೆ ಹಾಲುವಾಣ ಹಾಕು, ಮಧ್ಯೆ ಎರಡು ಹಲಸು, ಒಂದು ಅತ್ತಿ. ನೆಡೋಕೆ ಹಾಲುವಾಣದ ಗೂಟ ನಮ್ಮಲ್ಲಿ ಬೇಕಾದಷ್ಟಿವೆ. ಜೂನಲ್ಲಿ ಮಳೆ ಹಿಡಿದ ಮೇಲೆ ಜೀಪು ತಗೊಂಡು ಬಾ, ಕಡಿದು ಕೊಡುತ್ತೇನೆ. ಬರುವಾಗ ಅಪ್ಪನನ್ನೂ ಕರೆದುಕೊಂಡು ಬಾ.